ಏಳೂವರೆಯ ನಾಲ್ವರು

ಗುತ್ತಲು ರೋಡಲ್ಲಿ ನನ್ನ ಮೆಸ್ಸು.
ಉಣ್ಣೋರು ಹನ್ನೊಂದು ಜನ, ತಿಂಗಳ ಲೆಕ್ಕ.
ಏಳೂವರೆಗೆ, ಎಸರು ಕುದಿಯೋ ಹೊತ್ತಿಗೆ,
ಟೀವಿ ಒಳಗೆ ನಾಕು ಜನ ಬಂದು
ಮೇಜು ಸುತ್ತ ಕೂರ್ತಾರೆ,
ಭಾನುವಾರಾನೂ ಬಿಡದೆ,
ಫುಟ್ಬಾಲಿನ ಮಾತಾಡೋಕೆ.

ಆಟ ಅಲ್ಲ ಕಣಪ್ಪ. ಆಟದ ಮಾತು.
ಆಟ ನಡೆಯೋದು ಯಾವುದೋ ದೇಶದಲ್ಲಿ, ನಮ್ಮ ನಡುರಾತ್ರೀಲಿ.
ಹಿಟ್ಟು ರುಬ್ಬಿಟ್ಟು ನಾನಾಗ ಮಲಗಿರ್ತೀನಿ.
ಒಂದಾಟಾನೂ ಪೂರ್ತಿ ನೋಡಿದೋಳಲ್ಲ.
ಆದ್ರೂ ಯಾವನ ಮಂಡಿ ಊದದೆ,
ಯಾವ ಕೋಚಿಗೂ ಯಾವ ಕ್ಯಾಪ್ಟನ್ನಿಗೂ ಮಾತು ಬಿಟ್ಟೋಗದೆ,
ಕೇಳಿ, ಹೇಳ್ತೀನಿ.

ಒಬ್ಬ ಹಳೇ ಗೋಲ್ಕೀಪರು, ಕಿರುಬೆರಳು ಸೊಟ್ಟ.
ಅವನೊಬ್ಬನ್ನ ಬಯ್ಯುವಾಗ
ಆ ಬೆರಳು ಇನ್ನೊಬ್ಬನ್ನ ತೋರಿಸ್ತದೆ.
ಒಬ್ಬ ಬೋಳುತಲೆ, ಇಂಥೋರೇ ಗೆಲ್ಲೋದು ಅಂದ ಅಂದ್ರೆ
ಅವರು ಸೋತರು ಅಂತಲೇ ಬರಕೊಳ್ಳಿ.
ಒಬ್ಬ ಹುಡುಗ, ಬಾಯಿಬಿಟ್ರೆ ಅಂಕಿ,
ನಮ್ಮ ಹಾಲಿನ ಸೊಸೈಟಿ ಸೆಕ್ರೆಟರಿ ಥರ.
ನಡುವೆ ಆ ಹೆಣ್ಣುಮಗಳು.
ಮೂವರೂ ಒಟ್ಟಿಗೇ ಕಿರುಚಿದ್ರೆ
ಪೆನ್ನು ತಗೊಂಡು ಮೇಜಿಗೆ ಎರಡು ಸಲ ತಟ್ಟುತಾಳೆ. ಸಾಕು.
ಅದನ್ನ ನಾನೂ ಕಲಿತಿವ್ನಿ,
ಸೌಟಲ್ಲಿ.

ಎಲ್ಲಾ ಇಂಗ್ಲಿಷು.
ಈ ಚಾನಲ್ ಹಚ್ಚಿದ್ದು ಪಾಲಿಟೆಕ್ನಿಕ್ಕಿನ ಮುದಸ್ಸಿರು,
ಮೊದಮೊದಲು ಅವನೇ ಕನ್ನಡ ಮಾಡಿ ಹೇಳೋನು.
ಈಗ ಬೇಡ ಅಂದುಬುಟ್ಟೆ.
ಬಯ್ಯೋದು, ಹೊಗಳೋದು, ಗೊತ್ತಿಲ್ಲದ್ದನ್ನ ಗೊತ್ತು ಅನ್ನೋದು
ಯಾವ ಭಾಷೇಲೂ ಒಂದೇ ರಾಗ.

ನನಗೆ ಹಿಡಿಸಿದ್ದು ಆ ಹಳದಿ ಸುತ್ತು.
ಗೋಲಾಗೋಗಿರ್ತದೆ. ಊರೇ ಕುಣಿದು ಮುಗಿಸಿರ್ತದೆ.
ಇವರು ಹಿಂದಕ್ಕೆಳೀತಾರೆ, ನಿಲ್ಲಿಸ್ತಾರೆ,
ಚೆಂಡಿನ ಹತ್ರಾನೇ ಇಲ್ಲದ ಯಾವನೋ ಒಬ್ಬನ ಕಾಲಿಗೆ
ಹಳದಿ ಸುತ್ತು ಹಾಕಿ
ಇಗೋ ಇಲ್ಲಿ, ಅರ್ಧ ಹೆಜ್ಜೆ ತಡ, ಅಂತಾರೆ.

ನಮ್ಮನೇಲಿ ಏನೇನೋ ಕೆಟ್ಟೋಯ್ತು.
ಚೀಟಿ ದುಡ್ಡು ಮುಳುಗ್ತು.
ನಾದಿನಿ ಹದಿನಾಲ್ಕು ವರ್ಷದಿಂದ ಹೊಸಿಲು ತುಳಿದಿಲ್ಲ.
ಹಣೇಬರಾ ಅಂದ್ರು, ಕಣ್ಣು ತಗುಲ್ತು ಅಂದ್ರು.
ಎಲ್ಲಿ, ಯಾರ ಕಾಲು, ಎಷ್ಟು ತಡ,
ನಿಲ್ಲಿಸಿ ತೋರಿಸಿದೋರಿಲ್ಲ.

ಸೋಮವಾರ ಕತ್ತೆ ಅಂದವನನ್ನೇ
ಗುರುವಾರ ದೊರೆ ಅಂತಾರೆ ಇವರು, ಅದೂ ನಿಜ.
ಒಸಿನೂ ನಾಚಿಕೆ ಇಲ್ಲ.
ನಾನ್ಹೇಳಿರಲಿಲ್ವಾ, ಅಂತಾನೆ ಬೋಳುತಲೆ.

ಹೋದ ಡಿಸೆಂಬರಲ್ಲಿ ಹುಡುಗರು
ಸ್ಟೇಡಿಯಮ್ಮಿಗೆ ಕರಕೊಂಡೋದ್ರು, ನಿಜವಾದ ಆಟಕ್ಕೆ,
ಮಂಡ್ಯದೋರಿಗೂ ಚನ್ನಪಟ್ಟಣದೋರಿಗೂ.
ಧೂಳು. ಸೀಟಿ. ಬಿಸಿಲು ನೇರ ಮುಖಕ್ಕೆ.
ಗೋಲು ಬಿದ್ದಾಗ ನಾನು ಕಡ್ಲೆಕಾಯಿ ಸುಲೀತಿದ್ದೆ.
ಇನ್ನೊಂದು ಸಲ ತೋರಿಸ್ತಾರಲ್ಲ ಅಂತ
ತಲೆ ಎತ್ತಿ ಕಾದೆ.
ಮಂಡ್ಯದ ಕೀಪರು, ಮೀಸೆ ಇನ್ನೂ ಬಾರದ ಹುಡುಗ,
ಬಲೆಯಿಂದ ಚೆಂಡು ತೆಗೆದು
ಅಂಗಿಗೆ ಒರೆಸಿದ, ಮತ್ತೆ ಒರೆಸಿದ.
ಅವನ ಪರ ಮಾತಾಡೋಕೆ
ಎಲ್ಲೂ ಒಂದು ಮೇಜಿರಲಿಲ್ಲ.
ಆಟೋ ಹಿಡಿದು ಏಳೂಕಾಲಿಗೆ ಮನೆ ಸೇರಿದೆ.

ಜೂನಲ್ಲಿ ಆಟಾನೇ ಇರಲ್ಲ. ಆಗಲೂ ಬತ್ತಾರೆ,
ಸಂಬಂಧ ಕುದುರಿಸ್ತಾರೆ:
ಯಾವ ಹುಡುಗ ಯಾವ ಮನೆಗೆ, ಎಷ್ಟು ಕೋಟಿ,
ಹಳೇ ಗಾಯ ಏನಾರ ಮುಚ್ಚಿಟ್ಟವ್ರಾ.
ಇದು ನನ್ನ ಸಬ್ಜೆಕ್ಟು.
ಆ ಎಡಗಾಲಿನೋನು ಹೋಗಲ್ಲ, ಅವ್ವ ಬುಡಲ್ಲ ಅಂದಿದ್ದೆ,
ಹೋಗಲಿಲ್ಲ.

ಮೊನ್ನೆ ಮೊದಲ ಸುತ್ತಿನ ಮುದ್ದೆ ಕಟ್ಟಿ
ಹಲಗೆ ಮೇಲಿಟ್ಟೆ, ಹನ್ನೊಂದು.
ಹಿಂದೆ ನಾಕು, ನಡುವೆ ಮೂರು, ಮುಂದೆ ಮೂರು,
ಒಲೆ ಕಡೆ ಒಂದು, ಕಾವಲಿಗೆ.
ಮುದಸ್ಸಿರು ಬಗ್ಗಿ ನೋಡಿದ.
ಆಂಟಿ, ಎಡಗಡೆ ಖಾಲಿ ಐತಲ್ಲ?
ಒದ್ದೆ ಬೆರಳಲ್ಲಿ ಒಂದನ್ನ ಒಸಿ ಸರಿಸಿದೆ.

ಗ್ಯಾಸಿನೋನು ನಾಳೆ ಅಂತಾನೆ.
ನಲ್ಲಿ ರಿಪೇರಿಯೋನು ನಾಳೆ.
ಮೂರು ತಿಂಗಳು ಬಾಕಿ ಇಟ್ಟಿರೋ ಲೆಕ್ಚರರ್ರು,
ಕೈ ತೊಳೀತಾ, ನಾಳೆ ಕಣಮ್ಮ ಅಂತಾರೆ.
ಎಂಟು ಗಂಟೆಗೆ ಆ ಹೆಣ್ಣುಮಗಳು
ಕಾಗದ ಜೋಡಿಸಿಕೊಂಡು
ನಾಳೆ ಸಿಗೋಣ ಅಂತಾಳೆ.
ಅಂದು ಬರೋಳು ಅವಳೊಬ್ಬಳೇ.

ಸಾರು ಉಕ್ತಾ ಅದೆ. ಏಳ್ರಪ್ಪ,
ತಟ್ಟೆ ತೊಳಕೊಳ್ಳಿ.