ಮೂಗು ಸವೆದವಳು

ಲಂಬಾಸಾದಲ್ಲಿ ಉಪ್ಪುಗಾಳಿ ಯಾರನ್ನೂ ಬಿಡುವುದಿಲ್ಲ:
ತಗಡಿನ ಮಾಡು, ಸೈಕಲ್ ಚೈನು, ಸಕ್ಕರೆ ಗಿರಣಿಯ ಕೊಳವೆ,
ಕೊನೆಗೆ ದೇವರ ಕಂಕುಳನ್ನೂ.
ದೀಪಾವಳಿಗೆ ಎರಡು ದಿನ ಇರುವಾಗ
ಸಂಪತಿಯಾ ಆಜಿ ಅವಳನ್ನು ಗೂಡಿನಿಂದ ಇಳಿಸಿ
ತೊಡೆಯ ಮೇಲೆ ಬೋರಲು ಮಲಗಿಸುತ್ತಾಳೆ.
ಕಿವಿಯ ಹಿಂದೆ, ಸೀರೆಯ ನೆರಿಗೆಯಲ್ಲಿ ಕಿಲುಬು,
ಎಳೆಮಗುವಿಗೆ ಬೆವರುಸಾಲೆ ಎದ್ದ ಹಾಗೆ,
ಹಸಿರು.

ಮರಳು ಕೂಡದು. ತಂತಿಬ್ರಷ್ಷು ಮುಟ್ಟಿದರೆ ಕೈ ಮುರಿಯುತ್ತಾಳೆ.
ಸುವಾದ ಅತ್ತೆ ತಂದ ನೀಲಿ ಬಾಟಲಿಯ ಪಾಲಿಷು
ಒಮ್ಮೆ ಹಚ್ಚಿದ್ದೆವು.
ಹೊಳೆದಳು, ಆಸ್ಪತ್ರೆಯ ನಲ್ಲಿಯ ಹಾಗೆ.
ಆಜಿ ಮೂರು ದಿನ ದೀಪ ಹಚ್ಚಲಿಲ್ಲ.

ನಮ್ಮದೇನಿದ್ದರೂ ನಿಂಬೆ, ಉಪ್ಪು, ಕಬ್ಬಿನ ರವದಿಯ ಬೂದಿ,
ಅಜ್ಜನ ಹಳೆ ಬನಿಯನ್ನಿನ ತುಂಡು;
ಕಿವಿಗೆ ಮಾತ್ರ ತೆಂಗಿನ ಕಡ್ಡಿಗೆ ಸುತ್ತಿದ ಹತ್ತಿ.
ಅಲ್ಲಿ ಆಜಿಗೆ ಅವಸರವಿಲ್ಲ.
ಹಿತ್ತಾಳೆ ಕಿವಿ ಎಂದು ಮನುಷ್ಯರನ್ನು ಆಡಿಕೊಳ್ಳುತ್ತೇವಲ್ಲ,
ಯಾರು ಏನು ಊದಿದರೂ ನಂಬಿಬಿಡುವ ಕಿವಿ,
ಇದು ಅದೇ.
ನೂರು ವರ್ಷ ನಾವು ಹೇಳಿದ್ದನ್ನೆಲ್ಲ ನಂಬಿದೆ:
ಮುಂದಿನ ಫಸಲಿಗೆ ಬೆಳ್ಳಿಯ ಕಿರೀಟ,
ಅದರ ಮುಂದಿನದಕ್ಕೆ ಕಲ್ಲಿನ ಗುಡಿ.

ಹೋದ ವರ್ಷ ಬಂದ ಹೊಸ ಪಂಡಿತ
ಕನ್ನಡಕ ಹಣೆಗೇರಿಸಿ ತಿರುಗಿಸಿ ತಿರುಗಿಸಿ ನೋಡಿದ.
ಪೀಠ ಕಮಲವಾದರೆ ಲಕ್ಷ್ಮಿ.
ಈ ಗಂಟು ಹಂಸದ ಮುರಿದ ಕತ್ತಾದರೆ ಸರಸ್ವತಿ.
ಎಡಗೈಯಲ್ಲಿ ಸೌಟು ಇದ್ದಿತ್ತೇ? ಹಾಗಾದರೆ ಅನ್ನಪೂರ್ಣೆ.
ಬಲಗೈ ಅಭಯ, ಅದೊಂದು ಖಂಡಿತ.
ಹೆಸರೇ ತಿಳಿಯದೆ ಮಂತ್ರ ಹೇಗೆ ಹೇಳಲಿ ಎಂದ.
ಆಜಿ ಚಹಾ ಬಗ್ಗಿಸುತ್ತ,
"ಹೇಳಬೇಡ. ಕುಡಿ."

ಅವನು ಗೇಟು ದಾಟಿದ ಮೇಲೆ ನನಗೆ ಹೇಳಿದಳು.
ಅವಳ ನಾನಿ ಇವಳನ್ನು ಅಕ್ಕಿಯಲ್ಲಿ ಹುದುಗಿಸಿ ಹಡಗು ಹತ್ತಿದ್ದು.
ಗಿರ್ಮಿಟಿನ ಐದು ವರ್ಷ, ಲೈನುಮನೆಯ ಎಂಟಡಿ ಕೋಣೆ.
ಕಬ್ಬಿನ ಸಾಲಿನಲ್ಲಿ ಕುಲಂಬರನ ಕೈ ಏಳುವುದು, ಸರ್ದಾರನ ಕೈ ಏಳುವುದು,
ರಾತ್ರಿ, ಗಂಡನದೂ.
ಆ ಐದು ವರ್ಷ ನಾನಿ ಕಂಡ ಎತ್ತಿದ ಕೈಗಳಲ್ಲಿ
ಕೆಳಗೆ ಬೀಳದೆ ನಿಂತದ್ದು
ಇದೊಂದೇ.

ಬೇಲಿಯಾಚೆಯ ಮೆರಿಯೋನಿ
ಚರ್ಚಿನ ಕಾಣಿಕೆ ತಟ್ಟೆ ತಂದು ಅದೇ ಬೋಗುಣಿಗೆ ಹಾಕುತ್ತಾಳೆ,
ನಿಂಬೆ ದಂಡವಾಗಬಾರದು ನೋಡಿ.
ಅವಳೇ ಕೇಳಿದ್ದು: ಇವಳ ಮೂಗೆಲ್ಲಿ?

ಯಾರೂ ಒಡೆದದ್ದಲ್ಲ.
ವರ್ಷಕ್ಕೆ ಕೂದಲೆಳೆಯಷ್ಟು
ನಾವೇ ತಿಕ್ಕಿ ತೆಗೆದದ್ದು.
ಮೊದಲು ಮೂಗುತಿ, ಆಮೇಲೆ ಮೂಗು,
ತುಟಿ, ಹುಬ್ಬು;
ಕಣ್ಣಿದ್ದಲ್ಲಿ ಎರಡು ನುಣುಪು ತಗ್ಗು,
ಹೆಬ್ಬೆರಳು ಕತ್ತಲಲ್ಲೂ ಹೋಗಿ ಅಲ್ಲೇ ಕೂರುತ್ತದೆ.

ತಿಕ್ಕಿದ ನೀರನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ.
ಹಿತ್ತಿಲ ನಿಂಬೆಯ ಬುಡಕ್ಕೆ,
ನಾನಿಯ ಕಾಲದಿಂದಲೂ ನಿಂಬೆಯ ಬುಡಕ್ಕೆ.
ಹಳೆಯದು ಬಿರುಗಾಳಿಗೆ ಬಿತ್ತು, ಅದರ ಬೀಜದ್ದೇ ಈ ಮರ.
ಮೂಗು ಅಲ್ಲಿದೆ, ಬೇರಿನಲ್ಲಿ.
ಅದನ್ನುಂಡ ಮರದ ಹಣ್ಣು ಕೊಯ್ದು
ಮತ್ತೆ ಅವಳ ಮುಖಕ್ಕೇ.

ಈ ಸಲ ಆಜಿಯ ಬೆರಳು ನಡುಗಿ ಬೂದಿ ಚೆಲ್ಲಿತು.
ತಗೋ ಎಂದು ನನ್ನ ಮಡಿಲಿಗಿಟ್ಟಳು.
ಬೆನ್ನು ತಿಕ್ಕಿದೆ, ಪಾದ ತಿಕ್ಕಿದೆ,
ಮುಖದ ಹತ್ತಿರ ನಿಂತೆ.
ಇರುವಷ್ಟಾದರೂ ಇರಲಿ ಅನಿಸಿತು.
"ಏನು, ಮುಖ ತೊಳೆಸದೆ ಹಬ್ಬಕ್ಕೆ ಕೂರಿಸುತ್ತೀಯಾ?"

ಹೋಳು ಹಿಂಡಿದೆ.
ಒಂದು ಬೀಜ ಜಾರಿ
ಎತ್ತಿದ ಅಂಗೈಗೆ ಅಂಟಿಕೊಂಡಿತು.
ಬೇಲಿಯಾಚೆಯಿಂದ ಮೆರಿಯೋನಿ ಕೂಗುತ್ತಿದ್ದಳು,
ಆಯಿತಾ, ನಾಳೆ ಭಾನುವಾರ,
ತಟ್ಟೆ ಕೊಡು.