ಜೋಮು

ಕಣ್ಣು ಮುಚ್ಚಿ ಎಂದರು ಡಾಕ್ಟರು.
ಮುಚ್ಚಿದೆ. ಅಂಗಾಲಿಗೆ ಸೂಜಿ ತಾಗಿಸುತ್ತ
ಈಗ? ಎಂದರು. ಈಗ?
ಗೋಡೆಯ ಗಡಿಯಾರ ಕೇಳಿಸುತ್ತಿತ್ತು, ಹೊರಗೆ ಮಂಜಿನಲ್ಲಿ
ಕಾರ್ಖಾನೆಯ ಸೈರನ್ನೂ. ಸೂಜಿ ಮಾತ್ರ
ಇನ್ನೂ ಬಂದಿರಲಿಲ್ಲ.

ನಮ್ಮ ವಿಜೇವಾನೊದಲ್ಲಿ ಆಗ ಯಾರ ಮನೆಯ ಅಡುಗೆಮೇಜೂ
ಬರಿಯ ಅಡುಗೆಯದಾಗಿರಲಿಲ್ಲ.
ಈ ತುದಿಗೆ ಮೆಕ್ಕೆಜೋಳದ ಮುದ್ದೆ, ಆ ತುದಿಗೆ ಅಂಟಿನ ಡಬ್ಬಿ,
ಎರಡಕ್ಕೂ ಒಂದೇ ಬಗೆಯ ಮರದ ಸಟ್ಟುಗ.
ಅದಲುಬದಲಾದ ದಿನ ತೆರ್ಸಿಲ್ಲಾ ಬಿದ್ದು ಬಿದ್ದು ನಕ್ಕಳು.
ಸಂಜೆಯಾದರೆ ನಗು ಸುಮ್ಮಸುಮ್ಮನೆ ಬರುತ್ತಿತ್ತು.
ಸಿಹಿ ವಾಸನೆ ಅದು, ತಲೆಗೇರುವಂಥದು.
ಕಿಟಕಿ ತೆರೆದರೆ ಅಂಟು ಬೇಗ ಒಣಗೀತೆಂದು
ತೆರೆಯುತ್ತಿರಲಿಲ್ಲ.

ಅಜ್ಜಿಗೆ ಭತ್ತದ ಕೆಸರಲ್ಲಿ ಬರಿಗಾಲು, ಇಗರ್ಜಿಗೆ ಮರದ ಮೆಟ್ಟು.
ಬೀದಿಯ ಆ ಕೊನೆಯಿಂದಲೇ ತಿಳಿಯುತ್ತಿತ್ತು
ಬಂದಳೆಂದು: ಮರ ಕಲ್ಲಿಗೆ ಚಾಡಿ ಹೇಳುತ್ತಿತ್ತು.
ಅಕ್ಕನ ಮದುವೆ ಯುದ್ಧದ ಮೂರನೆಯ ವರ್ಷ.
ತೊಗಲೆಲ್ಲ ಸಿಪಾಯಿಗಳ ಬೂಟಿಗೆ ಹೋಗಿತ್ತು.
ಬಿರಡೆಮರದ ತುಂಡು ಕೊಯ್ದು ಅಟ್ಟೆ,
ಮೇಲಕ್ಕೆ ಹುಲ್ಲಿನ ಹುರಿ. ಎಷ್ಟು ಹಗುರ,
ಎಷ್ಟು ಎತ್ತರ! ಅಷ್ಟರಲ್ಲಿ ಮಳೆ.
ಮೆಟ್ಟು ಕಳಚಿ ಎದೆಗವಚಿಕೊಂಡು ಓಡಿದಳು ಅಕ್ಕ,
ಗಂಡನ ಕೈ ಬಿಟ್ಟು.

ನನ್ನ ಪಾಲಿಗೆ ಬಂದದ್ದು ಉಕ್ಕು.
ಹಿಮ್ಮಡಿಯೊಳಗೆ ಪೆನ್ಸಿಲಿಗಿಂತ ತೆಳ್ಳನೆ ಕಡ್ಡಿ,
ಹೊರಗೆ ಮೇಕೆಮರಿಯ ಚರ್ಮ.
ಇಡೀ ಹೆಂಗಸಿನ ಭಾರ
ಒಂದು ಅಂಗಿಯ ಗುಂಡಿಯಗಲಕ್ಕೆ ಇಳಿಯಬೇಕು.
ಬಾತ್ತಿಸ್ತಾ ಶನಿವಾರ ಸೈಕಲ್ಲಿನಲ್ಲಿ ಮೂಟೆ ತಂದು ಹಾಕುತ್ತಿದ್ದ,
ಸೋಮವಾರ ಒಯ್ಯುತ್ತಿದ್ದ. ಜೋಡಿಗೆ ಇಷ್ಟು ಲೀರಾ.
ಕೆಟ್ಟ ಜೋಡಿಗೆ ನಾವೇ ಅಷ್ಟು, ಅದರ ಮೇಲಿಷ್ಟು.

ಒಂದು ಭಾನುವಾರ — ಹೇಳಿಬಿಡುತ್ತೇನೆ, ಈಗ ಕೇಳುವವರು ಯಾರಿದ್ದಾರೆ —
ಮೂವತ್ತಾರರ ಅಳತೆಯದೊಂದು, ಕಪ್ಪನೆಯದು,
ಅಟ್ಟೆಗೆ ಗಾಯದ ಪಟ್ಟಿ ಅಂಟಿಸಿ
ಹಿಮ್ಮಡಿಯ ತುದಿಗೆ ಚಿಂದಿ ಸುತ್ತಿ
ಮೆಟ್ಟಿಕೊಂಡು ಚೌಕಕ್ಕೆ ಹೋದೆ.
ಕಂಬಸಾಲಿನುದ್ದ ಹೋಗಿ, ಬಂದು, ಮತ್ತೆ ಹೋಗಿ.
ಹೊಳೆಗಲ್ಲು ಹಾಸಿದ ನೆಲ. ಕಲ್ಲುಕಲ್ಲೂ
ಯಾರಮ್ಮ ನೀನು ಎಂದಿತು,
ಕಲ್ಲುಕಲ್ಲಿಗೂ ಕಾಲು ಜವಾಬು ಕೊಟ್ಟಿತು.
ಕೀಲು ಉಳುಕಿತು, ಉಂಗುಟ ಉರಿಯಿತು.
ನೆಲ ಎಂಬುದು ಅಷ್ಟು ಸ್ಪಷ್ಟವಾಗಿ
ಹಿಂದೆಂದೂ ನನಗೆ ತಿಳಿದಿರಲಿಲ್ಲ. ಆಮೇಲೂ ಇಲ್ಲ.
ದಿನಾ ಹಾಲು ಅಳೆದು ಕೊಡುವವನೇ
ಟೋಪಿ ಎತ್ತಿ ಸಿನ್ಯೋರಾ ಎಂದ. ಗುರುತು ಹತ್ತಿರಲಿಲ್ಲ.

ಪಟ್ಟಿ ಕಿತ್ತು, ಎಂಜಲು ಹಚ್ಚಿ ಒರೆಸಿ, ಮೂತಿಗೆ ಕಾಗದ ತುರುಕಿ
ಸೋಮವಾರ ಪೆಟ್ಟಿಗೆಗೆ ಹಾಕಿದೆ.
ಹೋಯಿತು, ಬ್ರಸೆಲ್ಸೋ ಬ್ಯೂನಸ್ ಐರಿಸೋ.
ಅಲ್ಲಿ ಯಾವಳೋ ಮೊದಲ ಸಲ ಕಾಲಿಟ್ಟಾಗ
ಒಳಗೆ ತುಸು ಬೆಚ್ಚಗಿದ್ದಿರಬೇಕು.

ಮೊದಲು ಬೆರಳು. ಆಮೇಲೆ ಪಾದ.
ಕೂತು ಕೂತು ಹಿಡಿದ ಜೋಮು ಎಂದುಕೊಂಡೆ,
ಎದ್ದು ಕೊಡವಿದರೆ ಬಿಡುತ್ತದೆ.
ತೆರ್ಸಿಲ್ಲಾಗೆ ಬೇರೆ: ಹಲ್ಲಿನ ಸಂದಿಯಲ್ಲಿ ರಕ್ತ,
ತೊಡೆಯ ಮೇಲೆ ಯಾರೂ ಹೊಡೆಯದ ಬಾಸುಂಡೆ.
ಬೇಸಗೆಯ ಹೊತ್ತಿಗೆ ಅವಳ ಕುರ್ಚಿ ಖಾಲಿ.
ಮಣ್ಣಿಗಿಡುವಾಗ ಕಾಲಿಗೆ ಅವಳೇ ಹೊಲಿದ ಜೋಡು ತೊಡಿಸಿದೆವು.
ಬಾತ್ತಿಸ್ತಾ ಅದರ ದುಡ್ಡು ನನ್ನದರಲ್ಲಿ ಹಿಡಿದುಕೊಂಡ.

ಈಗ? ಎಂದರು ಡಾಕ್ಟರು.
ಹೂಂ ಎಂದೆ, ಅವರು ನೊಂದುಕೊಂಡಾರೆಂದು.
ಕಣ್ಣು ಬಿಟ್ಟರೆ
ಹೊಸದಾಗಿ ಹಾಸಿದ ಲಿನೋಲಿಯಂ ಮೇಲೆ ಸಾಲುಸಾಲು ತೂತು.
ಯಾರೋ ನೆಟ್ಟಗೆ ಬಂದು, ಕೂತು, ಒಮ್ಮೆ ಕಾಲು ಬದಲಿಸಿ
ಎದ್ದು ಹೋಗಿದ್ದಾಳೆ.
ಬಗ್ಗಿ ಬೆರಳಿಟ್ಟು ನೋಡಿದೆ.
ನಮ್ಮ ಬೀದಿಯ ಹಿಮ್ಮಡಿಯೇ.