ಕಾಲು ಮಾತ್ರೆ

ಭಾನುವಾರ ರಾತ್ರಿ ಚಾಂಗ್‌ಹೋ ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದ.
ನಾನು ಹೊರಗೆ ಸೋಫಾದಲ್ಲಿ, ಆರು ತಿಂಗಳ ಹೊಟ್ಟೆಯ ಮೇಲೆ
ಸುಲಿದ ಕಿತ್ತಳೆಯ ತಟ್ಟೆ ಇಟ್ಟುಕೊಂಡು
ಸದ್ದು ಕೇಳುತ್ತಿದ್ದೆ:
ಟಕ್. ಒಂದು ಎರಡಾಯಿತು.
ಟಕ್, ಟಕ್. ಎರಡು ನಾಲ್ಕು.
ಆಮೇಲೊಂದು ಬೈಗುಳ. ಚೂರೊಂದು ಸಿಡಿದು
ಫ್ರಿಜ್ಜಿನ ಕೆಳಗೆ ಹೋಗಿರಬೇಕು.

ಮಾತ್ರೆ ಅವನದಲ್ಲ, ಮಾವನದು.
ಗುನ್ಸಾನಿನಿಂದ ಒಣಮೀನಿನ ಡಬ್ಬಿಯಲ್ಲಿ,
ಮೀನಿನ ಕೆಳಗೆ, ಪೇಪರಿನಲ್ಲಿ ಸುತ್ತಿ ಬರುತ್ತಿತ್ತು.
ಎಪ್ಪತ್ತೆರಡರ ಮುದುಕ ರಾತ್ರಿ ಐದು ಸಲ ಏಳಬೇಕು,
ಎದ್ದರೂ ಹನಿ ಹನಿ. ಅದಕ್ಕೆಂದು ಡಾಕ್ಟರು ಬರೆದದ್ದು.
ಅದನ್ನೇ ಕಾಲು ಮಾಡಿ ನುಂಗಿದರೆ
ಮಗನ ನೆತ್ತಿ ಉಳಿಯುತ್ತದಂತೆ.
ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದರು
ಎಂದು ನಗುತ್ತಿದ್ದೆವಲ್ಲ,
ಗಂಟು ಇರುವುದು ಮೊಣಕಾಲಿಗಿಂತ ತುಸು ಮೇಲೆ.

ಅಪ್ಪ ಮಗ ಇಬ್ಬರೂ ಇದರ ಮಾತೆತ್ತುವುದಿಲ್ಲ.
ಫೋನಿನಲ್ಲಿ ಮಾವ ಕೇಳುತ್ತಾರೆ: “ಮೀನು ಮುಗಿಯಿತೇ?”
ಇವನು: “ಇನ್ನೂ ಹತ್ತು ದಿನಕ್ಕಿದೆ.”
ಹೀಗೆ ಕಳಿಸಿದ ಮೇಲೆ ಮಾವ ತಾವು ಎಷ್ಟು ನುಂಗುತ್ತಾರೋ,
ನಾನೂ ಕೇಳಲಿಲ್ಲ.

ಇವನು ಮೆಟ್ರೋ ಓಡಿಸುವವನು.
ಬಯಲಲ್ಲಿ ಗಾಜಿನಾಚೆ ಹಳಿ, ಕಂಬ, ಆಕಾಶ;
ಸುರಂಗ ಬಂದ ಕೂಡಲೇ ಗಾಜೇ ಕನ್ನಡಿ,
ಕತ್ತಲಲ್ಲಿ ತೇಲಿಕೊಂಡು ಬರುತ್ತದೆ ತನ್ನದೇ ಹಣೆ.
ದಿನಕ್ಕೆ ಆರು ಗಂಟೆ ಅದನ್ನು ನೋಡುವವನಿಗೆ
ಕೂದಲೇನು ಮಹಾ ಎನ್ನಲು ನನಗೆ ಬಾಯಿ ಬರಲಿಲ್ಲ.

ಶುರು ಮಾಡಿದ ಹೊಸದರಲ್ಲಿ ಇದ್ದದ್ದೂ ಉದುರಿತು.
ದಿಂಬಿನ ಮೇಲಿನದನ್ನು ಟೇಪಿನಲ್ಲಿ ಎತ್ತಿ
ಕ್ಯಾಲೆಂಡರಿನ ಚೌಕದೊಳಗೆ ಲೆಕ್ಕ ಬರೆದ:
ಮೂವತ್ತೊಂದು. ನಲವತ್ತು. ಇಪ್ಪತ್ತೆಂಟು, ಮಳೆ.
ಮಳೆಗೂ ಅದಕ್ಕೂ ಏನೋ.
ಕೆಲವು ರಾತ್ರಿ ನನ್ನ ಕಡೆ ಹೊರಳಿ, ಸುಮ್ಮನಾಗಿ,
ಮತ್ತೆ ಗೋಡೆಯ ಕಡೆ ಹೊರಳಿದ.
ಆ ಲೆಕ್ಕ ಮಾತ್ರ ಎಲ್ಲೂ ಬರೆಯಲಿಲ್ಲ.

ನಾನು ಬಸುರಿಯಾದಾಗ ಔಷಧಿ ಅಂಗಡಿಯ ಹೆಂಗಸು ಹೇಳಿದಳು:
ಒಡೆದ ಮಾತ್ರೆ ಮುಟ್ಟಬೇಡ,
ಒಳಗಿರುವುದು ಗಂಡಾದರೆ ಅದಕ್ಕೆ ಪೆಟ್ಟು.
ಅಂದಿನಿಂದ ಭಾನುವಾರ ಅಡುಗೆಮನೆಗೆ ಮೈಲಿಗೆ.
ಕೈಗವಸು, ಅದಕ್ಕೆಂದೇ ಒಂದು ಹಲಗೆ, ಒಂದು ಬ್ಲೇಡು.
ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿ,
ಟಾರ್ಚು ಹಿಡಿದು, ನೆಲಕ್ಕೆ ಕೆನ್ನೆ ಹಚ್ಚಿ,
ಚಿಟಿಕೆ ಬಿಳುಪಿಗೂ ಹುಡುಕುತ್ತಿದ್ದ.
ಬಾಗಿಲ ಸಂದಿಯಿಂದ ನನಗೆ ಕಂಡದ್ದು ನೆತ್ತಿ ಮಾತ್ರ.
ಹೊಸದು ಬಂದಿತ್ತು, ನಿಜ,
ಪೀಚಿನ ಸಿಪ್ಪೆಯ ಮೇಲಿನ ನವಿರಿನಷ್ಟು.
ಹೇಳಲಿಲ್ಲ. ಹೇಳಿದರೆ ಎಣಿಸಲು ಕೂರುತ್ತಾನೆ.

ಮಗು ಹೆಣ್ಣು.
ನೋಡಲು ಬಂದ ಮಾವನ ಡಬ್ಬಿಯಲ್ಲಿ ಈ ಸಲ ಬರೀ ಮೀನು.
“ಆಪರೇಷನ್ ಆಯಿತು. ಇನ್ನು ಅವರು ಬರೆಯುವುದಿಲ್ಲ,” ಎಂದರು,
ಮಗನ ತಲೆಯ ಕಡೆ ನೋಡದೆ, ಟೋಪಿ ತೆಗೆದು,
ತಪ್ಪು ಮಾಡಿದವರ ಹಾಗೆ ತಮ್ಮ ಬೋಳು ಸವರಿಕೊಂಡರು.
ಮರುವಾರ ಇವನು ರಜೆ ಹಾಕಿ ಜೊಂಗ್ನೋಗೆ ಹೋದ.
ಮಹಡಿಯಲ್ಲಿ ಡಾಕ್ಟರು, ಕೆಳಗೆ ಔಷಧಿ ಅಂಗಡಿ,
ಮೆಟ್ಟಿಲ ತುಂಬ ಟೋಪಿ ಹಾಕಿದ ಗಂಡಸರು,
ಯಾರೂ ಯಾರನ್ನೂ ನೋಡುವುದಿಲ್ಲವಂತೆ.
ಮೂರು ನಿಮಿಷಕ್ಕೆ ಚೀಟಿ ಸಿಕ್ಕಿತು, ತನ್ನದೇ ಹೆಸರಿನದು.

ಮಗುವಿಗೆ ನೂರು ದಿನ ತುಂಬಿದ ವಾರ
ನನ್ನದು ಉದುರತೊಡಗಿತು.
ಹಿಡಿ ಹಿಡಿ. ಬಾಚಿದರೆ ಬಾಚಣಿಗೆಯೇ ಕಾಣದು.
ಬಾಣಂತಿಗೆ ಇದೆಲ್ಲ ಸಹಜ, ಮಾತ್ರೆ ಬೇಡ,
ತಾನೇ ಬರುತ್ತದೆ, ಎಂದರು.
ಯಾರ ಮೇಲೋ ಸಿಟ್ಟಾಗಿ ಬಚ್ಚಲಿನಿಂದ ಎದ್ದು ಬಂದೆ.
ಹಿಂದೆಯೇ ಅವನು ಹೋದ.
ಜಾಲರಿ ಎತ್ತಿದ ಸದ್ದು. ಕಟ್ಟಿದ ನೀರು ಇಳಿದ ಸದ್ದು.
ಇಣುಕಿದರೆ, ನೆಲಕ್ಕೆ ಮಂಡಿಯೂರಿ,
ನನ್ನ ಉದ್ದ ಕೂದಲನ್ನು ನೊರೆಯಿಂದ ಬಿಡಿಸಿ
ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾನೆ.
“ಎಷ್ಟು?” ಎಂದೆ.
“ಏನು ಎಷ್ಟು?
ಟವೆಲ್ಲು ಕೊಡು, ಮೊಣಕಾಲು ನೆನೆಯಿತು.”